ಅರ್ಜೆಂಟಾಗಿ ಒಂದು ಕ್ಯಾರೆಕ್ಟರ್ ಬೇಕಿತ್ತು

ಅಕ್ಟೋಬರ್ ಕೊನೇ ವಾರ, ರಾತ್ರಿ ಹತ್ತೂವರೆಗೆ ಫೋನು. ನನ್ನ ಹಳೇ ಸ್ನೇಹಿತ, ಇಲ್ಲೇ ಅಮೆರಿಕದಲ್ಲಿ ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಕುಟ್ತಿರೋನು. "ಲೋ, ಅರ್ಜೆಂಟಾಗಿ ಒಂದು ಕ್ಯಾರೆಕ್ಟರ್ ಬೇಕಿತ್ತು ಕಣೋ" ಅಂದ. ಪಕ್ಕದ್ಮನೆಯವ್ರು ಹೆಪ್ಪು ಹಾಕೋಕೆ ಒಂದ್ ಚಮಚ ಮೊಸರು ಕೇಳ್ತಾರಲ್ಲ, ಸೇಮ್ ಅದೇ ಧಾಟಿ.

ವಿಷಯ ಏನಪ್ಪಾ ಅಂದ್ರೆ ಮಗಳು ಹೈಸ್ಕೂಲ್ ಕೊನೇ ವರ್ಷ, ನವೆಂಬರ್ 1ಕ್ಕೆ ಕಾಲೇಜಿನ ಅರ್ಲಿ ಅಪ್ಲಿಕೇಶನ್ ಡೆಡ್‌ಲೈನು, ಮಾರ್ಕ್ಸ್ ಇದೆ, ಪ್ರವೇಶ ಪರೀಕ್ಷೆ ಎಸ್‌ಎಟಿ ಸ್ಕೋರ್ ಇದೆ, ಪಿಟೀಲು ಇದೆ, ವೃದ್ಧಾಶ್ರಮದಲ್ಲಿ ಅಜ್ಜಿಯಂದ್ರಿಗೆ ಇಮೇಲ್ ಕಲಿಸಿದ ಸರ್ಟಿಫಿಕೇಟೂ ಇದೆ, ಇಲ್ದೇ ಇರೋದು ಒಂದೇ ಒಂದು, ಅವಳ ಬದುಕನ್ನೇ ಬದಲಾಯಿಸಿದ ಕಾಲ್ಪನಿಕ ಪಾತ್ರ. ಬದುಕು ಬದಲಾಗ್ಬೇಕು ಅಂದ್ರೆ ಮೊದ್ಲು ಒಂದು ಬದುಕು ಆಗಿರ್ಬೇಕಲ್ವೇನೋ, ಹದಿನೇಳು ವರ್ಷದ ಹುಡುಗಿಗೆ ಅದಕ್ಕೆ ಟೈಮ್ ಎಲ್ಲಿ ಬಿಟ್ಟಿದ್ರಿ ನೀವು ಅಂದೆ. "ನಿನ್ ಫಿಲಾಸಫಿ ಆಮೇಲೆ, ಮೊದ್ಲು ಹೆಸರು ಹೇಳು" ಅಂದ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಕಾಲೇಜಿಗೆ ಅರ್ಜಿ ಹಾಕೋಕೆ ಕಾಮನ್ ಆಪ್ ಅಂತ ಒಂದಿದೆ, 1975ರಲ್ಲಿ 15 ಕಾಲೇಜು ಸೇರ್ಕೊಂಡು ಶುರು ಮಾಡಿದ್ದು, ಈಗ ಸಾವಿರಕ್ಕಿಂತ ಜಾಸ್ತಿ ಇವೆ. ಅದ್ರಲ್ಲಿ ನಿನ್ನ ಬಗ್ಗೆ ಒಂದು ಪ್ರಬಂಧ ಬರೀಬೇಕು, ಕಮ್ಮಿ ಅಂದ್ರೆ 250 ಪದ, ಜಾಸ್ತಿ ಅಂದ್ರೆ 650. ಒಂದು ಕಾಲದಲ್ಲಿ ಅದ್ರಲ್ಲೇ ನೇರವಾಗಿ ಕೇಳೋರು, ನಿನ್ನ ಮೇಲೆ ಪ್ರಭಾವ ಬೀರಿದ ಕಥೆಯ ಪಾತ್ರಾನೋ, ಚರಿತ್ರೆಯ ವ್ಯಕ್ತೀನೋ, ಕಲಾಕೃತೀನೋ ಯಾವ್ದಾದ್ರೂ ಒಂದು ಹಿಡ್ಕೊಂಡು ಬರಿ ಅಂತ. 2013ರಲ್ಲಿ ಆ ಪ್ರಶ್ನೆ ತೆಗೆದುಹಾಕಿದ್ರು. ಓದಿ ಓದಿ ಸಾಕಾಗಿರ್ಬೇಕು ಪಾಪ. ಆದ್ರೆ 2017ರಲ್ಲಿ "ನಿನಗಿಷ್ಟ ಬಂದ ವಿಷಯ" ಅನ್ನೋ ಆಯ್ಕೆ ವಾಪಸ್ ಬಂತು ನೋಡಿ, ಮುಂಬಾಗಿಲಿಂದ ಆಚೆ ಹೋಗಿದ್ದ ಪಾತ್ರಗಳೆಲ್ಲ ಹಿತ್ಲು ಬಾಗಿಲಿಂದ ಒಳಗೆ ಬಂದು ಕೂತ್ಕೊಂಡ್ವು.

ಇದಲ್ದೆ ದೊಡ್ಡ ದೊಡ್ಡ ಕಾಲೇಜುಗಳದ್ದು ತಮ್ಮದೇ ಬೇರೆ ಪ್ರಶ್ನೆಗಳು. ಷಿಕಾಗೋ ಯೂನಿವರ್ಸಿಟಿ ಒಂದ್ಸಲ, ಆ ಪಟ್ಟೆ ಶರ್ಟ್ ಹಾಕ್ಕೊಂಡು ಜನಜಂಗುಳೀಲಿ ಅಡಗಿರ್ತಾನಲ್ಲ ಮಕ್ಕಳ ಚಿತ್ರಪುಸ್ತಕದ ವಾಲ್ಡೋ, ಅವನು ನಿಜವಾಗ್ಲೂ ಎಲ್ಲಿದ್ದಾನೆ ಅಂತ ಕೇಳಿತ್ತು. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯವ್ರು ಹಿಂದೆ ಕೇಳ್ತಿದ್ದದ್ದು ಇನ್ನೂ ಮಜ: ನೀನೀಗ 300 ಪುಟದ ಆತ್ಮಕಥೆ ಬರೆದು ಮುಗ್ಸಿದ್ದೀಯ, ಅದ್ರ 217ನೇ ಪುಟ ಕಳ್ಸು. ಲೆಕ್ಕ ಹಾಕಿ ನೋಡ್ದೆ, ಹದಿನೇಳು ವರ್ಷದವನ ಆತ್ಮಕಥೇಲಿ 217ನೇ ಪುಟ ಅಂದ್ರೆ ಹನ್ನೆರಡು ವರ್ಷ ಚಿಲ್ಲರೆ, ಅಂದ್ರೆ ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡ ಅಧ್ಯಾಯ.

ಸರಿ, ಸ್ನೇಹಿತ ಬಿಡ್ಲಿಲ್ಲ. ಶೆರ್ಲಾಕ್ ಹೋಮ್ಸ್ ಬರೀಲಿ ಅಂದೆ. ಆಮೇಲೆ ನೆನಪಾಯ್ತು, ಹೋಮ್ಸು ಕಾಲೇಜಲ್ಲಿ ಇದ್ದಿದ್ದು ಎರಡೇ ವರ್ಷ ಅಂತ ಅವನೇ ಹೇಳ್ಕೊಂಡಿದ್ದಾನೆ, ಭೂಮಿ ಸೂರ್ಯನ ಸುತ್ತ ಸುತ್ತೋದು ಬೇರೆ ಅವನಿಗೆ ಗೊತ್ತಿರ್ಲಿಲ್ಲ, ಸೈನ್ಸ್ ಸ್ಕೋರ್ ನೆಗೆದುಬಿತ್ತು. 'ದ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯ ಗ್ಯಾಟ್ಸ್‌ಬಿ? ಅವನು ಮಿನ್ನೆಸೋಟಾದ ಕಾಲೇಜಲ್ಲಿ ಎರಡೇ ವಾರ ಇದ್ದು ಬಿಟ್ಟೋನು, ಆಮೇಲೆ ಯುದ್ಧ ಮುಗಿದ್ಮೇಲೆ ಆಕ್ಸ್‌ಫರ್ಡಲ್ಲಿ ಐದು ತಿಂಗಳು ಇದ್ದು ಜೀವಮಾನ ಪೂರ್ತಿ ಆಕ್ಸ್‌ಫರ್ಡ್ ಆಕ್ಸ್‌ಫರ್ಡ್ ಅಂತ ಹೇಳ್ಕೊಂಡು ತಿರುಗ್ದೋನು (ಇಂಥೋರು ನಮ್ಮ ಲಿಂಕ್ಡ್‌ಇನ್ನಲ್ಲಿ ಬೇಕಾದಷ್ಟಿದ್ದಾರೆ ಬಿಡಿ). 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯ ವಕೀಲ ಆಟಿಕಸ್ ಫಿಂಚ್ ಅಂದ್ರೆ ಅಡ್ಮಿಷನ್ ಆಫೀಸಿನೋರು ಕರಗಿಹೋಗ್ತಾರೆ ಅಂತಾರೆ, ಆ ಪುಣ್ಯಾತ್ಮ ಸ್ಕೂಲಿಗೇ ಹೋಗಿಲ್ಲ, ಮನೇಲೇ ಓದಿದ್ದು. ಹಕಲ್‌ಬೆರಿ ಫಿನ್ ಓದು ಬರಹ ಸಭ್ಯತೆ ಅಂದ್ರೇನೇ ದೋಣಿ ಹತ್ತೋ ಗಿರಾಕಿ. ಇನ್ನು 'ಕ್ಯಾಚರ್ ಇನ್ ದ ರೈ' ಕಾದಂಬರಿಯ ಹೋಲ್ಡನ್ ಕಾಲ್‌ಫೀಲ್ಡು! ಐದು ಸಬ್ಜೆಕ್ಟಲ್ಲಿ ನಾಲ್ಕು ಡುಮ್ಕಿ ಹೊಡೆದು ಸ್ಕೂಲಿಂದ ಹೊರಗೆ ಬಿದ್ದೋನು, ಕಂಡಕಂಡವ್ರೆಲ್ಲ ನಾಟಕದೋರು ಅಂತ ಬೈಕೊಂಡು ಓಡಾಡೋನು, ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ಮಕ್ಕಳು ಜೀವನದಲ್ಲೇ ಅತ್ಯಂತ ದೊಡ್ಡ ನಾಟಕ ಬರೀತಾರೆ.

ಹಾಗಾದ್ರೆ ಕಾಲೇಜಿಗೆ ಹೋದ ಪಾತ್ರಗಳು ಯಾರಪ್ಪಾ ಇದ್ದಾರೆ ಅಂತ ಯೋಚಿಸ್ದೆ. ವಿಕ್ಟರ್ ಫ್ರಾಂಕನ್‌ಸ್ಟೈನ್ ಹೋಗಿದ್ದ, ಇಂಗೋಲ್‌ಸ್ಟಾಟ್ ಯೂನಿವರ್ಸಿಟಿ, ಅಲ್ಲಿ ಗೈಡ್ ಇಲ್ದೇನೇ ಒಂದು ಇಂಡಿಪೆಂಡೆಂಟ್ ಪ್ರಾಜೆಕ್ಟ್ ಮಾಡ್ದ, ಆ ಪ್ರಾಜೆಕ್ಟು ಎದ್ದು ಬಂದು ಮನೆಯವ್ರನ್ನೆಲ್ಲ ಕೊಂದುಹಾಕ್ತು. ಹ್ಯಾಮ್ಲೆಟ್ ವಿಟೆನ್‌ಬರ್ಗ್ ಸ್ಟೂಡೆಂಟು, ರಜೆಗೆ ಅಲ್ಲ ಅಪ್ಪನ ಸಾವಿಗೆ ಊರಿಗೆ ಬಂದೋನು ವಾಪಸ್ ಹೋಗ್ತೀನಿ ಅಂದ, ಚಿಕ್ಕಪ್ಪ ಬಿಡ್ಲಿಲ್ಲ, ಆಮೇಲೆ ಆಗಿದ್ದು ಗೊತ್ತಲ್ಲ. ಫೌಸ್ಟ್ ಎಲ್ಲಾ ಶಾಸ್ತ್ರ ಓದಿ ಮುಗ್ಸಿ ಇನ್ನೇನೂ ಉಳೀಲಿಲ್ಲ ಅಂತ ಸೈತಾನನ ಹತ್ರ ಅಗ್ರಿಮೆಂಟ್ ಮಾಡ್ಕೊಂಡ. ದಾಸ್ತೋವ್‌ಸ್ಕಿ ಕಾದಂಬರಿಯ ರಾಸ್ಕೊಲ್ನಿಕೋವ್ ಲಾ ಓದ್ತಿದ್ದ, ಫೀಸಿಗೆ ದುಡ್ಡಿಲ್ದೆ ಬಿಟ್ಟ, ಗಿರವಿ ಅಂಗಡಿ ಮುದುಕಿ ಮನೆಗೆ ಕೊಡ್ಲಿ ತಗೊಂಡು ಹೋದ. ಇದನ್ನೆಲ್ಲ ಫೋನಲ್ಲಿ ಹೇಳಿದ್ರೆ ನನ್ನ ಸ್ನೇಹಿತ "ಸ್ವಲ್ಪ ಪಾಸಿಟಿವ್ ಆಗಿರೋದು ಯಾವ್ದೂ ಇಲ್ವೇನೋ" ಅಂತಾನೆ. ಪಾಸಿಟಿವ್ ಆಗಿರೋರ ಮೇಲೆ ಯಾರೋ ಕಾದಂಬರಿ ಬರೀತಾರೆ?

ನಡುವೆ ಇವರಿಗೆ ಒಬ್ರು ಕನ್ಸಲ್ಟೆಂಟ್ ಬೇರೆ ಇದ್ದಾರೆ, ಗಂಟೆ ಲೆಕ್ಕದಲ್ಲಿ ಡಾಲರ್ ತಗೊಳ್ಳೋರು. ಅವರ ಮೊದಲನೇ ರೂಲು, ತುಂಬಾ ಫೇಮಸ್ ಪಾತ್ರ ಬೇಡ, ಆಫೀಸರುಗಳು ಅದನ್ನ ಸಾವಿರ ಸಲ ಓದಿರ್ತಾರೆ. ಎರಡನೇದು, ಯಾರಿಗೂ ಗೊತ್ತಿಲ್ದೇ ಇರೋ ಪಾತ್ರ ಅಂತೂ ಬೇಡ್ವೇ ಬೇಡ, ಜಂಬ ಅನ್ಕೋತಾರೆ. ಮೂರನೇದು ಕೇಳಿ, ಪ್ರಬಂಧ ಪಾತ್ರದ ಬಗ್ಗೆ ಇರ್ಲೇಬಾರ್ದು, ನಿನ್ನ ಬಗ್ಗೆ ಇರ್ಬೇಕು. ಅಂದ್ರೆ ಹೋಮ್ಸು ಮೊದಲನೇ ಪ್ಯಾರಾಲಿ ಬಂದು ಟೋಪಿ ತೆಗೆದು ನಮಸ್ಕಾರ ಹಾಕಿ ಸೈಡಿಗೆ ಹೋಗ್ಬಿಡ್ಬೇಕು, ಎರಡನೇ ಪ್ಯಾರಾಯಿಂದ ರೋಬೋಟಿಕ್ಸ್ ಕ್ಲಬ್ಬು. ನಮ್ಮ ಭಾಷೇಲಿ ಪಾತ್ರಕ್ಕೂ ಪಾತ್ರೆಗೂ ಇರೋದು ಒಂದು ಎತ್ವದ ವ್ಯತ್ಯಾಸ, ಇಲ್ಲಿ ಅದೂ ಇಲ್ಲ. ಯಾವ್ದೋ ಒಂದು ಪಾತ್ರೆ ತಗೋ, ಒಳಗೆ ನಾನು ನಾನು ನಾನು ಅಂತ ಕುತ್ತಿಗೆ ತನಕ ತುಂಬು.

ಅಂದಹಾಗೆ ಈ ಕ್ಯಾರೆಕ್ಟರ್ ಅನ್ನೋ ಪದಕ್ಕೆ ಇಲ್ಲಿನ ಅಡ್ಮಿಷನ್ ಆಫೀಸುಗಳಲ್ಲಿ ಹಳೇ ಕಥೆ ಇದೆ, ಅಷ್ಟೊಂದು ಚೆನ್ನಾಗಿರೋ ಕಥೆ ಅಲ್ಲ. ಹಾರ್ವರ್ಡಲ್ಲಿ ಪರೀಕ್ಷೆ ಪಾಸ್ ಮಾಡ್ಕೊಂಡು ಬರೋ ಯಹೂದಿ ಹುಡುಗ್ರು ಜಾಸ್ತಿ ಆದ್ರು ಅಂತ ಅದರ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಅವರಿಗೊಂದು ಮಿತಿ ಹಾಕೋಣ ಅಂದ. ಗಲಾಟೆ ಆಯ್ತು. ಕೋಟಾ ಅಂತ ಬಾಯಿಬಿಟ್ಟು ಹೇಳೋದು ಕಷ್ಟ ಅಂತ ಗೊತ್ತಾದ್ಮೇಲೆ 1926ರ ಹೊತ್ತಿಗೆ ಬಂತು ನೋಡಿ ಹೊಸ ಅಳತೆ, ಮಾರ್ಕ್ಸ್ ಒಂದೇ ಸಾಲ್ದು, ಹುಡುಗನ ಕ್ಯಾರೆಕ್ಟರೂ ಪರ್ಸನಾಲಿಟೀನೂ ನೋಡ್ತೀವಿ. ಅಳತೆಗೋಲು ಅವರ ಕೈಲೇ ಇತ್ತು, ಯಹೂದಿಗಳ ಸಂಖ್ಯೆ ಇಳೀತು. ಸುಮಾರು ತೊಂಬತ್ತು ವರ್ಷ ಆದ್ಮೇಲೆ, 2018ರಲ್ಲಿ ಅದೇ ಹಾರ್ವರ್ಡ್ ಕೋರ್ಟ್ ಕಟಕಟೆ ಹತ್ತಿದಾಗ ಹೊರಗೆ ಬಿದ್ದಿದ್ದೇನು ಅಂದ್ರೆ "ಪರ್ಸನಲ್ ರೇಟಿಂಗ್" ಅನ್ನೋ ಕಾಲಮ್ಮಲ್ಲಿ ಏಷ್ಯನ್ ಮೂಲದ ಮಕ್ಕಳಿಗೆ ಸರಾಸರೀಲಿ ಕಮ್ಮಿ ಅಂಕ. ಕೆಳಗಿನ ಕೋರ್ಟು ಬೇಕಂತ ಮಾಡಿದ್ದಲ್ಲ ಅಂತು, 2023ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ಉಲ್ಟಾ ಮಾಡಿ ಅಡ್ಮಿಷನ್ನಲ್ಲಿ ಜನಾಂಗ ನೋಡೋ ಹಾಗಿಲ್ಲ ಅಂತು, ಆದ್ರೆ ತನ್ನ ಜನಾಂಗ ತನ್ನ ಬದುಕಿನ ಮೇಲೆ ಏನು ಪರಿಣಾಮ ಮಾಡಿದೆ ಅಂತ ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದ್ರೆ ಅದನ್ನ ಓದಬಾರ್ದು ಅಂತೇನಿಲ್ಲ ಅಂತಾನೂ ಸೇರಿಸ್ತು. ಅಂದ್ರೆ ಪ್ರಬಂಧಕ್ಕೆ ಇನ್ನೂ ರೇಟ್ ಏರ್ತು. ನನ್ನ ಸ್ನೇಹಿತನಿಗೆ ಹತ್ತೂವರೆ ರಾತ್ರೀಲಿ ಬೆವರು ಕಿತ್ಕೊಳ್ಳೋದು ಸುಮ್ನೆ ಅಲ್ಲ.

ದುಡ್ಡಿದ್ದ ಕೆಲವ್ರು ಈ ತಲೆನೋವೇ ಇಟ್ಕೊಳ್ಲಿಲ್ಲ. 2019ರ ಮಾರ್ಚಲ್ಲಿ ಸಿಕ್ಕಿಬಿದ್ರಲ್ಲ ಅಡ್ಮಿಷನ್ ಹಗರಣದೋರು, ಈಜುಕೊಳಕ್ಕೆ ಸರಿಯಾಗಿ ಇಳೀದೇ ಇರೋ ಹುಡುಗನಿಗೆ ವಾಟರ್ ಪೋಲೋ ಸ್ಟಾರ್ ಅಂತ ಫೋಟೋ ರೆಡಿ ಮಾಡ್ಸಿ, ಯಾರ್ದೋ ಮೈಗೆ ಮಗನ ಮುಖ ಅಂಟಿಸಿ, ಕೋಚುಗಳಿಗೆ ಲಂಚ ಕೊಟ್ಟು ಒಳಗೆ ತಳ್ಳಿದ್ದು. ಅವ್ರು ಕಾಲ್ಪನಿಕ ಪಾತ್ರ ಹುಡುಕ್ತಾ ಕೂರ್ಲಿಲ್ಲ ಸ್ವಾಮಿ, ಮಗನ್ನೇ ಕಾಲ್ಪನಿಕ ಪಾತ್ರ ಮಾಡ್ಬಿಟ್ರು.

ಮಾರನೇ ದಿನ ಮತ್ತೆ ಫೋನು. ಕನ್ಸಲ್ಟೆಂಟ್ ಹೇಳಿದ್ರಂತೆ, "ನಿಮ್ಮ ಕಲ್ಚರ್ ಕಡೆಯಿಂದ ಯಾರಾದ್ರೂ ಇದ್ರೆ ಚೆನ್ನಾಗಿರುತ್ತೆ". ಕರ್ಣ ಅಂದೆ. ಅಂದ ಮರುಕ್ಷಣಾನೇ ನಾಲಿಗೆ ಕಚ್ಕೊಂಡೆ, ಕರ್ಣ ಪರಶುರಾಮರ ಹತ್ರ ಅರ್ಜೀಲೇ ಜಾತಿ ಕಾಲಮ್ ಸುಳ್ಳು ತುಂಬಿದೋನು, ತೊಡೆ ಕೊರೆದ ಹುಳದಿಂದ ಸಿಕ್ಕಿಬಿದ್ದು, ಕಲಿತಿದ್ದು ಸರಿಯಾಗಿ ಪರೀಕ್ಷೆ ದಿನ ಮರೆತುಹೋಗ್ಲಿ ಅಂತ ಶಾಪ ತಗೊಂಡೋನು. ಅರ್ಜಿ ಜೊತೆ ಕಳ್ಸೋ ಕಥೇನಾ ಇದು? ಆಗ ಹುಡುಗೀನೇ ಫೋನ್ ಕಿತ್ಕೊಂಡು "ಅಂಕಲ್, ಏಕಲವ್ಯ ಹೇಗೆ?" ಅಂದ್ಲು. ರಿಜೆಕ್ಟ್ ಆದೋನು, ಮಣ್ಣಿನ ಬೊಂಬೆ ಮುಂದೆ ಕೂತು ಸ್ವಂತ ಕಲಿತೋನು, ಪಾಠ ಮಾಡದ ಮೇಷ್ಟ್ರಿಗೆ ಫುಲ್ ಫೀಸ್ ಕಟ್ಟಿದೋನು. ನನಗಂತೂ ರೋಮಾಂಚನ ಆಯ್ತು ಕಣ್ರೀ, ಇಷ್ಟು ದಿನದಲ್ಲಿ ಸಿಕ್ಕ ಮೊದಲನೇ ನಿಜವಾದ ಐಡಿಯಾ, ಅಡ್ಮಿಷನ್ ಆಫೀಸಿನೋರು ಓದ್ಲೇಬೇಕಾದ್ದು, ಬರಿಯಮ್ಮ ಅಂದೆ.

ಬರೆದ್ಲು. ಅಕ್ಟೋಬರ್ 31ರ ರಾತ್ರಿ ಕಳ್ಸಿದ್ಲು, ಫೋನಲ್ಲೇ ಪೂರ್ತಿ ಟೈಪ್ ಮಾಡಿದ್ದಂತೆ, ಎರಡು ಹೆಬ್ಬೆರಳಲ್ಲಿ. 671 ಪದ ಆಗಿತ್ತು, 21 ಕತ್ತರಿಸ್ಬೇಕಿತ್ತು. ಕನ್ಸಲ್ಟೆಂಟ್ ನೋಡಿ, ಈ ಬೆರಳಿನ ವಿಷಯ ಸ್ವಲ್ಪ ನೆಗೆಟಿವ್ ಆಯ್ತು, ರಕ್ತ ಬೇರೆ ಇದೆ, ಇದನ್ನ ತೆಗೆದ್ರೆ ಸರಿಹೋಗುತ್ತೆ ಅಂದ್ರಂತೆ. ತೆಗೆದ್ಲು, ಸರಿಯಾಗಿ 650 ಆಯ್ತು.

ಈಗ ಆ ಪ್ರಬಂಧದಲ್ಲಿ ಏಕಲವ್ಯನ ಹೆಬ್ಬೆರಳು ಕ್ಷೇಮವಾಗಿದೆ. ದ್ರೋಣಾಚಾರ್ಯರು ಮೆಂಟರ್ ಆಗಿದ್ದಾರೆ.