ಮಳೆ ಒಂದೇ ಕಾರಣವಲ್ಲ

ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಬತ್ತಲು ಮಳೆ ಕಮ್ಮಿಯಾದದ್ದೇ ಕಾರಣ ಎಂದು ಬರೆದಿದ್ದೀರಿ. ಅದು ಅರ್ಧ ಮಾತು ಅಷ್ಟೇ. ಆ ಸರೋವರದಿಂದ ನೀರು ಹೊರಗೆ ಹರಿಯುವ ದಾರಿಯೇ ಇಲ್ಲ, ಆವಿಯಾಗಿಯೇ ಹೋಗಬೇಕು. ಒಳಗೆ ಬರುವ ಹೊಳೆಗಳ ನೀರನ್ನು ಹೊಲಗಳಿಗೆ ತಿರುಗಿಸಿದಷ್ಟೂ ಮಟ್ಟ ಇಳಿಯುತ್ತದೆ ಅಲ್ವಾ? 1987ರಲ್ಲಿ ನೀರು ಜಾಸ್ತಿಯಾಗಿ ಪಂಪ್ ಇಟ್ಟು ಮರುಭೂಮಿಗೆ ಹರಿಸಿದ್ದರು. 2022ರಲ್ಲಿ ಅದೇ ಸರೋವರ ಹಿಂದೆಂದೂ ಇಲ್ಲದಷ್ಟು ಇಳಿಯಿತು. ಒಣಗಿದ ತಳದ ಧೂಳಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ಪಕ್ಕದಲ್ಲೇ ದೊಡ್ಡ ಊರಿದೆ. ಅಲ್ಲಿನ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ.

ಪುಣೆಯಲ್ಲಿರುವ ನಮಗೆ ಇದು ದೂರದ ಸುದ್ದಿಯಲ್ಲ. 2020ರ ಜೂನ್‌ನಲ್ಲಿ ನಮ್ಮ ಮಹಾರಾಷ್ಟ್ರದಲ್ಲೇ ಇರುವ ಉಪ್ಪುನೀರಿನ ಲೋಣಾರ್ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನೀರು ಇಳಿದು, ಉಪ್ಪು ಹೆಚ್ಚಿ, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಬೆಳೆದಿದ್ದವು. ಅದನ್ನು ಪರೀಕ್ಷಿಸಿ ಹೇಳಿದ್ದು ನಮ್ಮ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ. ದಯವಿಟ್ಟು ಲೋಣಾರ್ ಬಗ್ಗೆಯೂ ಬರೆಯಿರಿ.