ಗುಲಾಮಗಿರಿ ಮತ್ತು ಬ್ರಿಟನ್: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

‘ಜಗತ್ತಿನಲ್ಲಿ ಮೊದಲು ಗುಲಾಮಗಿರಿ ರದ್ದುಪಡಿಸಿದ್ದು ಬ್ರಿಟನ್, ಆದ್ದರಿಂದ ಆ ಪಾಪ ಅದಕ್ಕೆ ಅಂಟುವುದಿಲ್ಲ’ ಎಂಬ ಸಂದೇಶ ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಮೊದಲರ್ಧವೇ ತಪ್ಪು.

ಗುಲಾಮರ ವ್ಯಾಪಾರ ನಿಷೇಧಿಸುವ ಆದೇಶವನ್ನು ಡೆನ್ಮಾರ್ಕ್ 1792ರಲ್ಲೇ ಹೊರಡಿಸಿತ್ತು. ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತಾಗಿದ್ದ ಹೈಟಿಯಲ್ಲಿ ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಬ್ರಿಟನ್ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ, ರದ್ದತಿ ಕಾಯ್ದೆ ತಂದಿದ್ದು 1833ರಲ್ಲಿ. ಅದೂ ಹೇಗೆ? ಎರಡು ಕೋಟಿ ಪೌಂಡ್ ಪರಿಹಾರ ಮಾಲೀಕರ ಕೈಸೇರಿತು. ಬೆನ್ನಿಗೆ ಛಡಿಯೇಟು ತಿಂದವರಿಗೆ ಬಿಡಿಗಾಸೂ ಇಲ್ಲ. ಅದಕ್ಕೆಂದು ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ! ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನಂತೂ ಆ ಕಾಯ್ದೆಯಿಂದ ಹೊರಗಿಡಲಾಗಿತ್ತು. ಇಲ್ಲಿಗೆ ಪ್ರತ್ಯೇಕ ಕಾಯ್ದೆ ಬಂದಿದ್ದು 1843ರಲ್ಲಿ.

ಹಾಗೆಂದು ‘ತಪ್ಪೆಲ್ಲ ಬ್ರಿಟನ್ನಿನದು’ ಎನ್ನುವ ಮರುತ್ತರವೂ ಸರಿಯಲ್ಲ. ಅಟ್ಲಾಂಟಿಕ್ ದಾಟಿಸಿದ ಗುಲಾಮರ ಲೆಕ್ಕದಲ್ಲಿ ಪೋರ್ಚುಗಲ್ ಮುಂದಿದೆ. ಸೆರೆಯಾಳುಗಳನ್ನು ಮಾರಿದ ಆಫ್ರಿಕಾದ ಅರಸರೂ ಇದ್ದರು. ಆದರೆ ಪಾಲುದಾರರು ಹಲವರಿದ್ದ ಮಾತ್ರಕ್ಕೆ ಯಾರ ಪಾಲೂ ಮನ್ನಾ ಆಗುವುದಿಲ್ಲ. ರದ್ದತಿಗಾಗಿ ಬ್ರಿಟನ್ನಿನಲ್ಲೇ ದಶಕಗಟ್ಟಲೆ ಹೋರಾಡಿದವರಿಗೆ ಸಲ್ಲಬೇಕಾದ ಗೌರವ, ಅವರ ವಿರುದ್ಧ ಹಣ ಸುರಿದ, ಗುಲಾಮರನ್ನು ದುಡಿಸುತ್ತಿದ್ದ ತೋಟದ ಮಾಲೀಕರಿಗೂ ಸಲ್ಲುವುದು ಯಾವ ನ್ಯಾಯ?