ನಿಂತರೆ ಒತ್ತುವರಿ, ನಡೆದರೆ ಅಡ್ಡಿ

ಬೆಂಗಳೂರಿನ ತಳ್ಳುಗಾಡಿಯವರು ಮಾಡುವ ತಪ್ಪು ಎರಡೇ. ಒಂದು, ನಿಲ್ಲುವುದು. ಇನ್ನೊಂದು, ನಡೆಯುವುದು. ನಿಂತರೆ ರಸ್ತೆ ಒತ್ತುವರಿ, ನಡೆದರೆ ಸಂಚಾರಕ್ಕೆ ಅಡ್ಡಿ. ಹಾರುವುದನ್ನು ಮಾತ್ರ ಯಾರೂ ಬೇಡ ಅಂದಿಲ್ಲ.

ಬೆಳಗ್ಗೆ ಯಾವುದಾದರೂ ಬಡಾವಣೆಯ ತಿರುವಿಗೆ ಬನ್ನಿ. ತರಕಾರಿ ಗಾಡಿ ಮೋರಿಗೆ ಒತ್ತಿಕೊಂಡು ನಿಂತಿದೆ. ಚಕ್ರದ ಕೆಳಗೆ ಒಂದು ಇಟ್ಟಿಗೆ ಚೂರು, ಅದೇ ಬ್ರೇಕು. ದೊಡ್ಡದೊಂದು ಕಾರು ನಡುರಸ್ತೆಯಲ್ಲೇ ನಿಲ್ಲುತ್ತದೆ. ಗಾಜು ನಾಲ್ಕು ಬೆರಳಷ್ಟು ಇಳಿಯುತ್ತದೆ.

"ಬೀನ್ಸ್ ಹೆಂಗಪ್ಪಾ?"

"ಕಾಲು ಕೆಜಿ ಇಪ್ಪತ್ತೈದು ಅಮ್ಮಾ."

"ಮೊನ್ನೆ ಇಪ್ಪತ್ತಿತ್ತಲ್ಲ! ಹೋಗ್ಲಿ, ಕರಿಬೇವು ಹಾಕಿಕೊಡು."

ಹಿಂದೆ ಆಟೋ, ಶಾಲೆ ವ್ಯಾನು, ನೀರಿನ ಟ್ಯಾಂಕರು ಒಟ್ಟಿಗೆ ಹಾರ್ನ್ ಹೊಡೆಯುತ್ತವೆ. ಪೊಲೀಸಪ್ಪ ಬರುತ್ತಾನೆ. ಕಾರಿಗೆ ಕೈಬೀಸಿ ದಾರಿ ಮಾಡಿಕೊಡುತ್ತಾನೆ, ಗಾಡಿಯ ತಕ್ಕಡಿ ಎತ್ತಿಕೊಂಡು ಹೋಗುತ್ತಾನೆ. ಜಾಮ್‌ಗೆ ಕಾರಣ ಸಿಕ್ಕಿತು, ಅಲ್ವಾ?

ಕಾನೂನು ಇಲ್ಲ ಅನ್ನಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿದರೆ ಕಣ್ಣು ತುಂಬಿ ಬರುತ್ತದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಸಿಗುವ ತನಕ ಯಾರನ್ನೂ ಎಬ್ಬಿಸಬಾರದು. ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದು, ಸಹಿ ಹಾಕಿ, ಪ್ರತಿ ಕೊಡಬೇಕು. ಕೊಳೆಯುವ ಮಾಲಾದರೆ ವ್ಯಾಪಾರಿ ಬಂದು ಕೇಳಿದ ದಿನವೇ ವಾಪಸ್. ಅಂಥ ಪಟ್ಟಿಯನ್ನು ಕಣ್ಣಾರೆ ನೋಡಬೇಕೆಂದು ನನಗೆ ಬಲು ಆಸೆ: 'ಕೊತ್ತಂಬರಿ, 40 ಕಟ್ಟು. ಜಪ್ತಿಯಾದಾಗ ಬಣ್ಣ ಹಸಿರು. ಬಿಡುಗಡೆಯಾದಾಗ ಪರಿಶೀಲನೆಯಲ್ಲಿದೆ.'

ಇತ್ತ ಸರ್ಕಾರವೇ 2020ರಲ್ಲಿ ಪಿಎಂ ಸ್ವನಿಧಿ ಅಂತ ಇದೇ ವ್ಯಾಪಾರಿಗಳಿಗೆ 10,000 ರೂಪಾಯಿ ತನಕ ಸಾಲ ಕೊಡಲು ಶುರು ಮಾಡಿತು. ಒಂದು ಕೈ ಸಾಲ ಕೊಡುತ್ತದೆ, ಇನ್ನೊಂದು ಕೈ ಗಾಡಿಯನ್ನು ಲಾರಿಗೆ ಹಾಕುತ್ತದೆ. ಕಂತು ಮಾತ್ರ ಲಾರಿ ಹತ್ತುವುದಿಲ್ಲ.

ನಾವೇ ವಾಸಿ ಬಿಡಿ. ಕೋಲ್ಕತ್ತಾದ ಪೊಲೀಸರು 2013ರಲ್ಲಿ 174 ರಸ್ತೆಗಳಿಂದ ಸೈಕಲ್ಲು, ಕೈಗಾಡಿಗಳನ್ನೇ ಹೊರಗಿಟ್ಟರು. ಪಾಪ, ಹಾಲಿನವನು, ಪೇಪರಿನವನು ಎಲ್ಲರೂ ಅಪರಾಧಿಗಳಾದರು. ರಸ್ತೆ ಹಂಚುವಾಗ ವಾಹನ ಅಲ್ಲ, ಜನ ಮುಖ್ಯ ಅಂತ ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತ್ತು. ಜನ ಅಂದರೆ ಸ್ಟೀರಿಂಗ್ ಹಿಡಿದವರು ಅಂತ ಅರ್ಥ ಮಾಡಿಕೊಂಡಿರಬೇಕು.

ಗಾಡಿಯವರಿಗೆ ನನ್ನದೊಂದು ಪುಕ್ಕಟೆ ಸಲಹೆ. ಚಕ್ರ ಬಿಚ್ಚಿಬಿಡಿ, ಬುಟ್ಟಿ ತಲೆ ಮೇಲಿಡಿ. ಚಕ್ರ ಇಲ್ಲದವನು ಪಾದಚಾರಿ. ಫುಟ್‌ಪಾತ್ ಅವನದೇ. ಹತ್ತಿ, ಟ್ರಾನ್ಸ್‌ಫಾರ್ಮರ್ ದಾಟಿ, ಬಾಯಿ ತೆರೆದ ಚಪ್ಪಡಿ ಹಾರಿ ಮುಂದೆ ಹೋದರೆ ಸಾಲಾಗಿ ಬೈಕುಗಳು ಸಿಗುತ್ತವೆ. ಅವನ್ನು ಮುಟ್ಟಬೇಡಿ. ಅದು ಒತ್ತುವರಿ ಅಲ್ಲ, ಪಾರ್ಕಿಂಗು.